ನಾಯಿಗೆ ವಿಮೆ ಮಾಡಿಸಬೇಕೆ? ಚಿನ್ನುವಿಗೆ ಒಂದು ಉತ್ತರ, ಕರಿಯನಿಗೆ ಇನ್ನೊಂದು

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಮನೆಯಲ್ಲಿ ಎರಡು ನಾಯಿಗಳಿವೆ. ಚಿನ್ನು 2 ವರ್ಷದ ಹೆಣ್ಣು ಲ್ಯಾಬ್ರಡಾರ್. ಮರಿಯಾಗದಂತೆ ಆಪರೇಷನ್ ಇನ್ನೂ ಮಾಡಿಸಿಲ್ಲ. ಕರಿಯ ಬೀದಿಯಿಂದ ಬಂದು ನಮ್ಮ ಮನೆಯವನಾದ ನಾಟಿ ನಾಯಿ; ಈಗ ಸುಮಾರು 8 ವರ್ಷ. ಅಮೆರಿಕದಲ್ಲಿರುವ ನನ್ನ ತಂಗಿ ತನ್ನ ನಾಯಿಗೆ ತಿಂಗಳು ತಿಂಗಳು ವಿಮೆ ಕಟ್ಟುತ್ತಾಳೆ. ಅದರ ಕಾಲಿನ ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ಹೆಚ್ಚಿನ ಪಾಲು ವಾಪಸು ಬಂತಂತೆ. ಇಲ್ಲಿ ಪರಿಚಯದ ಏಜೆಂಟರೊಬ್ಬರು ಚಿನ್ನುವಿಗೆ ವರ್ಷಕ್ಕೆ 5,000 ರೂಪಾಯಿಯ ಪಾಲಿಸಿ ತೋರಿಸಿದ್ದಾರೆ; 50,000 ರೂಪಾಯಿಯವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ ಎನ್ನುತ್ತಾರೆ. ನಮ್ಮ ಯಜಮಾನರು ಆ ದುಡ್ಡನ್ನು ಬ್ಯಾಂಕಿಗೆ ಹಾಕೋಣ ಎನ್ನುತ್ತಿದ್ದಾರೆ. ಯಾವುದು ಸರಿ?

ಉತ್ತರ: ನಿಮ್ಮ ಎರಡು ನಾಯಿಗಳಿಗೆ ಎರಡು ಬೇರೆ ಉತ್ತರ ಕೊಡಬೇಕಾಗಿದೆ. ಚಿನ್ನುವಿಗೆ ವಿಮೆ ಮಾಡಿಸಿ. ಆದರೆ ಅದು ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ದಾಖಲಾತಿಯ ಖರ್ಚನ್ನು ಕೊಡುವ ಪಾಲಿಸಿಯೇ ಆಗಿರಬೇಕು, ಅದರ ಷರತ್ತುಗಳನ್ನು ಸಹಿ ಹಾಕುವ ಮೊದಲು ನೀವೇ ಕೂತು ಓದಿರಬೇಕು. ಕರಿಯನ ವಿಷಯದಲ್ಲಿ ನಿಮ್ಮ ಯಜಮಾನರ ಮಾತೇ ಸರಿ. ಅವನಿಗೆಂದು ಬ್ಯಾಂಕಿನಲ್ಲಿ ಒಂದು ಆರ್.ಡಿ. (ತಿಂಗಳು ತಿಂಗಳು ಹಣ ಕಟ್ಟುವ ಠೇವಣಿ) ತೆರೆಯಿರಿ. ಪಶುವೈದ್ಯನಾದ ನನಗೆ ನಾಯಿಗಳ ಚಿಕಿತ್ಸೆಯ ಜೊತೆಗೆ ಅವುಗಳ ಕ್ಲೇಮ್ ಅರ್ಜಿಗಳನ್ನು ತುಂಬಿ ಸಹಿ ಹಾಕುವ ಕೆಲಸವೂ ಇರುವುದರಿಂದ, ಯಾವ ಅರ್ಜಿಗೆ ಹಣ ಬರುತ್ತದೆ, ಯಾವುದು ತಿರಸ್ಕಾರವಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಅದನ್ನೇ ಆಧಾರವಾಗಿಟ್ಟುಕೊಂಡು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ತಂಗಿಯ ಅನುಭವವನ್ನು ಇಲ್ಲಿನ ಲೆಕ್ಕಕ್ಕೆ ಹಿಡಿಯಬೇಡಿ. ಅಮೆರಿಕದಲ್ಲಿ ನಾಯಿಯ ಮಂಡಿಯ ಶಸ್ತ್ರಚಿಕಿತ್ಸೆಗೆ ಹಲವು ಸಾವಿರ ಡಾಲರ್ ಆಗುತ್ತದೆ. ಅಲ್ಲಿನ ಪಾಲಿಸಿಗಳು ಮೊದಲ ಒಂದಿಷ್ಟು ಮೊತ್ತವನ್ನು ಮಾಲೀಕರಿಗೇ ಬಿಟ್ಟು, ಉಳಿದುದರಲ್ಲಿ ಸಾಮಾನ್ಯವಾಗಿ ಶೇ. 70ರಿಂದ 90ರಷ್ಟನ್ನು ಹಿಂತಿರುಗಿಸುತ್ತವೆ. ವಾರ್ಷಿಕ ಮಿತಿಯೂ ದೊಡ್ಡದಿರುತ್ತದೆ. ನಮ್ಮಲ್ಲಿ ಚಿಕಿತ್ಸೆಯ ದರ ಕಡಿಮೆ, ವಿಮೆಯ ಮಿತಿಯೂ ಕಡಿಮೆ, ಜೊತೆಗೆ ಸರ್ಕಾರಿ ಪಶು ಆಸ್ಪತ್ರೆ ಎಂಬ ಇನ್ನೊಂದು ದಾರಿ ಇದೆ. ಎರಡೂ ದೇಶಗಳಿಗೆ ಸಮಾನವಾದ ಒಂದು ಮುಖ್ಯ ಷರತ್ತು ಇದೆ: ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಹಣವಿಲ್ಲ. ಆ ಷರತ್ತಿನ ಬಗ್ಗೆ ಮುಂದೆ ಹೇಳುತ್ತೇನೆ.

ಏಜೆಂಟರು ‘ನಾಯಿ ವಿಮೆ’ ಎಂದಾಗ ಅದು ಯಾವ ಬಗೆಯದು ಎಂದು ಕೇಳುವುದು ನಿಮ್ಮ ಮೊದಲ ಕೆಲಸ. ನಮ್ಮ ದೇಶದಲ್ಲಿ ಸರ್ಕಾರಿ ವಿಮಾ ಕಂಪನಿಗಳು ಬಹಳ ಹಿಂದಿನಿಂದ ಮಾರುತ್ತಿದ್ದ ನಾಯಿ ಪಾಲಿಸಿಗಳು ಜಾನುವಾರು ವಿಮೆಯ ಮಾದರಿಯಲ್ಲಿ ಬಂದವು. ಹಸು ಸತ್ತರೆ ಪಶುವೈದ್ಯರ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ ಮತ್ತು ಕಿವಿಯ ಬಿಲ್ಲೆ ಕೊಟ್ಟು ಅದರ ಬೆಲೆ ಪಡೆಯುವ ಕ್ರಮ ಹಳ್ಳಿಯ ಕಡೆಯ ಎಲ್ಲರಿಗೂ ಗೊತ್ತು. ಹಳೆಯ ನಾಯಿ ಪಾಲಿಸಿಗಳ ತಿರುಳೂ ಅದೇ: ನಾಯಿ ಸತ್ತರೆ ಅದರ ಮಾರುಕಟ್ಟೆ ಬೆಲೆ ಸಿಗುತ್ತದೆ, ಬದುಕಿಸಲು ಮಾಡಿದ ಖರ್ಚು ಸಿಗುವುದಿಲ್ಲ. ಹಸು ಒಂದು ಮನೆಯ ಆದಾಯದ ಮೂಲವಾಗಿರುವುದರಿಂದ ಅಲ್ಲಿ ಆ ಕ್ರಮಕ್ಕೆ ಅರ್ಥವಿದೆ. ಚಿನ್ನು ಇಲ್ಲವಾದ ದಿನ ಅವಳನ್ನು ಕೊಂಡ ಬೆಲೆಯನ್ನು ಯಾರೋ ವಾಪಸು ಕೊಟ್ಟರೆ ನಿಮಗೆ ಏನು ಪ್ರಯೋಜನ? ಚಿಕಿತ್ಸೆಯ ಖರ್ಚಿಗೆ ಒತ್ತು ಕೊಡುವ ಪಾಲಿಸಿಗಳು ಹೆಚ್ಚು ಪ್ರಚಾರಕ್ಕೆ ಬಂದದ್ದು 2020ರಲ್ಲಿ ಬಜಾಜ್ ಅಲಯನ್ಸ್ ತನ್ನ ನಾಯಿ ವಿಮೆಯನ್ನು ತಂದ ಮೇಲೆ. ಅನಂತರ ಇನ್ನೂ ಕೆಲವು ಖಾಸಗಿ ಕಂಪನಿಗಳು ಇದಕ್ಕೆ ಇಳಿದಿವೆ. ಇವುಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವೆಚ್ಚ ಮುಖ್ಯ ಭಾಗವಾಗಿದ್ದು, ಮರಣ, ಕಳವು, ಹೊರರೋಗಿ ಚಿಕಿತ್ಸೆ, ಮೂರನೆಯವರಿಗೆ ಆಗುವ ಹಾನಿ ಮುಂತಾದವನ್ನು ಬೇಕಾದರೆ ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳಬಹುದು. ಮರಣ ಪರಿಹಾರದ ಭಾಗವನ್ನು ನೀವು ಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ಈಗ ದುಡ್ಡಿನ ಲೆಕ್ಕ. ವರ್ಷಕ್ಕೆ 5,000 ಕಟ್ಟಿ 50,000ದ ರಕ್ಷಣೆ ಪಡೆಯುವುದೆಂದರೆ ಪ್ರೀಮಿಯಂ ರಕ್ಷಣೆಯ ಮೊತ್ತದ ಹತ್ತನೇ ಒಂದು ಭಾಗವಾಯಿತು. ಹತ್ತು ವರ್ಷಕ್ಕೊಮ್ಮೆ ಪೂರ್ತಿ ಮೊತ್ತದ ಕ್ಲೇಮ್ ಬಂದರೆ ಮಾತ್ರ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೋಗುತ್ತದೆ. ಅದೇ ಹಣವನ್ನು ತಿಂಗಳಿಗೆ ಇಷ್ಟೆಂದು ಆರ್.ಡಿ.ಗೆ ಹಾಕಿ, ಶೇ. 6.5 ಬಡ್ಡಿ ಹಿಡಿದರೆ ಹತ್ತು ವರ್ಷಕ್ಕೆ 70,000ದ ಹತ್ತಿರ ಆಗುತ್ತದೆ. ನಿಮ್ಮ ಯಜಮಾನರ ವಾದಕ್ಕೆ ಬಲವಿರುವುದು ಇಲ್ಲಿಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಆರ್.ಡಿ.ಯಲ್ಲಿ ಮುಂದಿನ ವರ್ಷ ಈ ಹೊತ್ತಿಗೆ ಇರುವುದು 5,000 ಚಿಲ್ಲರೆ ಮಾತ್ರ. ಲ್ಯಾಬ್ರಡಾರ್ ಎಂಬುದು ಸಿಕ್ಕಿದ್ದನ್ನೆಲ್ಲ ನುಂಗುವ ಜಾತಿ. ಮೇ ತಿಂಗಳಲ್ಲಿ ಮಾವಿನ ಗೊರಟೆ, ಮಳೆಗಾಲದಲ್ಲಿ ಮುಸುಕಿನ ಜೋಳದ ದಿಂಡು, ಉಳಿದ ಕಾಲದಲ್ಲಿ ಕಾಲುಚೀಲ ಇವು ಕರುಳಿನಲ್ಲಿ ಸಿಕ್ಕಿಹಾಕಿಕೊಂಡರೆ ಹೊಟ್ಟೆ ತೆರೆದು ತೆಗೆಯುವುದನ್ನು ಮುಂದೂಡಲಾಗದು. ಹಿಂಗಾಲಿನ ಮಂಡಿಯ ಲಿಗಮೆಂಟ್ ಹರಿಯುವುದು, ಸೊಂಟದ ಕೀಲಿನ ಆನುವಂಶಿಕ ದೋಷ ಇವೂ ಈ ಜಾತಿಯಲ್ಲಿ ಹೆಚ್ಚು. ಹೀಗೆ ಅವಳ ಮುಂದಿನ ನಾಲ್ಕೈದು ವರ್ಷಗಳಲ್ಲಿ, ಅಂದರೆ ಉಳಿತಾಯ ಇನ್ನೂ ಸಣ್ಣದಿರುವಾಗ, ದೊಡ್ಡ ಬಿಲ್ ಬರುವ ಸಾಧ್ಯತೆ ಸಾಕಷ್ಟಿದೆ.

ಆದ್ದರಿಂದ ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ತಿಂಗಳೇ ವೈದ್ಯರು 80,000 ಆಗುತ್ತದೆ ಎಂದರೆ, ಸಾಲ ಮಾಡದೆ, ಚಿಕಿತ್ಸೆಯನ್ನೇ ಕೈಬಿಡುವ ಯೋಚನೆ ಬಾರದೆ ಕೊಡಬಲ್ಲಿರಾ? ಸಲೀಸಾಗಿ ಕೊಡಬಲ್ಲೆವು ಎನ್ನುವವರಿಗೆ ವಿಮೆ ಬೇಕಿಲ್ಲ. ಕಷ್ಟವಾಗುತ್ತದೆ ಎನ್ನುವವರಿಗೆ ಆ 5,000 ಸಾರ್ಥಕ ಖರ್ಚು. ಗುಣವಾಗಬಹುದಾದ ನಾಯಿಯನ್ನು ಹಣ ಹೊಂದಿಸಲಾಗದೆ ಮನೆಗೆ ಕರೆದೊಯ್ದವರ ಮುಖವನ್ನು ಮೇಜಿನ ಈಚೆ ಬದಿಯಿಂದ ನೋಡಿದವನಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅದೇ 80,000ದ ಬಿಲ್ಲಿಗೆ ವಿಮೆಯಿಂದ ನಿಜವಾಗಿ ಬರುವುದೆಷ್ಟು ಎಂದೂ ನೋಡಿಬಿಡೋಣ. ಹಲವು ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲನ್ನು ಮಾಲೀಕರೇ ಭರಿಸಬೇಕೆಂಬ ಕೋ-ಪೇ ಷರತ್ತು ಇರುತ್ತದೆ, ಅದು ಶೇ. 20 ಎಂದಿಟ್ಟುಕೊಳ್ಳಿ. ಪೂರ್ತಿ ಬಿಲ್ಲಿನಲ್ಲಿ ಮೊದಲು ಶೇ. 20 ಕಳೆದರೆ 64,000 ಉಳಿಯುತ್ತದೆ, ಅದು ಮಿತಿಯನ್ನು ಮೀರಿರುವುದರಿಂದ ನಿಮಗೆ 50,000 ಬರುತ್ತದೆ. ಮೊದಲು ಮಿತಿಗೆ ಇಳಿಸಿ ಆಮೇಲೆ ಶೇ. 20 ಕಳೆದರೆ ಬರುವುದು 40,000 ಮಾತ್ರ. ಯಾವುದನ್ನು ಮೊದಲು ಕಳೆಯುತ್ತಾರೆ ಎಂಬ ಒಂದೇ ಸಾಲಿನಿಂದ ನಿಮ್ಮ ಕೈಯಿಂದ ಹೋಗುವ ಹಣದಲ್ಲಿ 10,000 ವ್ಯತ್ಯಾಸ ಬೀಳುತ್ತದೆ. ಇದರ ಮೇಲೆ ಕೆಲವು ಪಾಲಿಸಿಗಳಲ್ಲಿ ಒಂದೊಂದು ಕಾಯಿಲೆಗೆ ಒಂದೊಂದು ಒಳಮಿತಿ ಇರುತ್ತದೆ. ಏಜೆಂಟರಿಗೆ ಈ ಉದಾಹರಣೆಯನ್ನೇ ಕೊಟ್ಟು, ನಮಗೆ ಎಷ್ಟು ಬರುತ್ತದೆ ಎಂದು ಬರೆದು ಕೊಡಲು ಹೇಳಿ. ಹಣ ಬಹುಪಾಲು ನೀವು ಕಟ್ಟಿದ ಮೇಲೆ ವಾಪಸು ಬರುವುದೇ ಹೊರತು, ಮನುಷ್ಯರ ಆರೋಗ್ಯ ವಿಮೆಯಂತೆ ಆಸ್ಪತ್ರೆಗೆ ನೇರವಾಗಿ ಸಲ್ಲುವುದು ಅಪರೂಪ. ಹಾಗಾಗಿ ವಿಮೆ ಇದ್ದರೂ ಮೊದಲ ದಿನಕ್ಕೆ ಕೈಯಲ್ಲಿ ಹಣ ಬೇಕೇ ಬೇಕು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ಕಡೆ ನಾಯಿಗಳನ್ನು ಹೆಚ್ಚು ಕಾಡುವ ಕಾಯಿಲೆಗಳು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂಥವಲ್ಲ. ಉಣ್ಣಿ ಹುಳ ಕಚ್ಚಿ ಬರುವ ಟಿಕ್ ಫೀವರನ್ನೇ ತೆಗೆದುಕೊಳ್ಳಿ: ನಾಯಿ ಊಟ ಬಿಡುತ್ತದೆ, ಜ್ವರ ಬರುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವು ಬಗೆಯಲ್ಲಿ ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ವಾರಗಟ್ಟಲೆ ಮಾತ್ರೆ ಕೊಟ್ಟು, ನಡುನಡುವೆ ಮತ್ತೆ ಪರೀಕ್ಷಿಸಿ ಗುಣಪಡಿಸುತ್ತೇವೆ. ರಕ್ತ ಕೊಡಬೇಕಾದಷ್ಟು ಕೆಟ್ಟಾಗ ಮಾತ್ರ ದಾಖಲಾತಿ. ಲ್ಯಾಬ್ರಡಾರ್‌ಗಳ ಚರ್ಮದ ತುರಿಕೆ, ಕಿವಿ ಸೋರುವುದು ಇವೂ ಹಾಗೆಯೇ. ಒಂದು ಸಲಕ್ಕೆ ಸಣ್ಣ ಬಿಲ್, ವರ್ಷವಿಡೀ ಸೇರಿಸಿದರೆ ದೊಡ್ಡದು. ಆಸ್ಪತ್ರೆ ದಾಖಲಾತಿಗೆ ಮಾತ್ರ ಹಣ ಕೊಡುವ ಪಾಲಿಸಿ ಇವಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹೊರರೋಗಿ ಚಿಕಿತ್ಸೆಯನ್ನು ಸೇರಿಸಿಕೊಳ್ಳಬಹುದಾದರೂ ಅದರ ಪ್ರೀಮಿಯಂ ಮತ್ತು ಮಿತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಅದು ಲಾಭದಾಯಕವೆಂದು ತೋರಿಲ್ಲ. ಆ ಬಗೆಯ ಖರ್ಚನ್ನು ಮನೆಯ ತಿಂಗಳ ಲೆಕ್ಕದಲ್ಲೇ ಇಟ್ಟುಕೊಳ್ಳಿ.

ಈಗ ‘ಮೊದಲೇ ಇದ್ದ ಕಾಯಿಲೆ’ ಎಂಬ ಷರತ್ತು. ತಿರಸ್ಕಾರವಾದ ಒಂದು ಕ್ಲೇಮನ್ನು ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಒಬ್ಬರು ತಮ್ಮ ನಾಯಿಗೆ ವಾರ್ಷಿಕ ಲಸಿಕೆ ಹಾಕಿಸಲು ಬಂದಾಗ, ಬೆಳಿಗ್ಗೆ ಎದ್ದ ಹೊತ್ತು ಸ್ವಲ್ಪ ಕುಂಟುತ್ತದೆ ಡಾಕ್ಟ್ರೇ ಎಂದು ಮಾತಿನ ನಡುವೆ ಹೇಳಿದ್ದರು. ಮುಟ್ಟಿ ನೋಡಿದಾಗ ನೋವಿನ ಲಕ್ಷಣ ಕಾಣದಿದ್ದರಿಂದ ಚಿಕಿತ್ಸಾ ಚೀಟಿಯಲ್ಲಿ ‘ಎಡ ಹಿಂಗಾಲು, ಬೆಳಗಿನ ಹೊತ್ತು ಕುಂಟು’ ಎಂದಷ್ಟೇ ಬರೆದು, ತೂಕ ಇಳಿಸಲು ಹೇಳಿ ಕಳಿಸಲಾಗಿತ್ತು. ಕೆಲವು ತಿಂಗಳ ನಂತರ ಅವರು ವಿಮೆ ಮಾಡಿಸಿದರು. ಅದಾದ ಮೇಲೆ ನಾಯಿ ಮೆಟ್ಟಿಲಿನಿಂದ ಹಾರಿದಾಗ ಅದೇ ಕಾಲಿನ ಲಿಗಮೆಂಟ್ ಪೂರ್ತಿ ಹರಿಯಿತು. ಕಂಪನಿ ಹಿಂದಿನ ಚೀಟಿಗಳನ್ನು ಕೇಳಿತು, ಆ ಒಂದು ಸಾಲಿನ ಆಧಾರದ ಮೇಲೆ ಇದು ಮೊದಲೇ ಇದ್ದ ತೊಂದರೆ ಎಂದು ಅರ್ಜಿಯನ್ನು ತಳ್ಳಿಹಾಕಿತು. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಅರ್ಜಿ ತುಂಬುವಾಗ ಅದು ನೆನಪಿಗೇ ಬಂದಿರಲಿಲ್ಲ.

ಇದರಿಂದ ಹಿಂದಿನ ಚೀಟಿಗಳನ್ನು ಹರಿದು ಹಾಕಬೇಕೆಂದು ಯಾರೂ ತಿಳಿಯಬಾರದು. ಗೊತ್ತಿದ್ದೂ ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು. ಮಾಡಬೇಕಾದದ್ದು ಇಷ್ಟು: ಪಾಲಿಸಿಗೆ ಮೊದಲು ಚಿನ್ನುವನ್ನು ನಿಮ್ಮ ವೈದ್ಯರ ಬಳಿ ಪೂರ್ತಿ ತಪಾಸಣೆಗೆ ಒಯ್ಯಿರಿ, ನಡಿಗೆ, ಮಂಡಿ, ಸೊಂಟ, ಹೃದಯ, ಕಿವಿ, ಚರ್ಮ ಎಲ್ಲವನ್ನೂ ನೋಡಿ ಆ ದಿನದ ಸ್ಥಿತಿಯನ್ನು ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ ಸಹಿತ ಬರೆಯಿಸಿಕೊಳ್ಳಿ. ಹಿಂದೆ ಕುಂಟಿದ್ದರೆ ಒಂದು ಎಕ್ಸ್‌ರೇ ತೆಗೆಸಿ ವರದಿಯನ್ನು ಲಗತ್ತಿಸಿ. ಪ್ರಸ್ತಾವನಾ ಅರ್ಜಿಯನ್ನು ಏಜೆಂಟರು ತುಂಬಲು ಬಿಡಬೇಡಿ; ಹಿಂದಿನ ಕಾಯಿಲೆಗಳ ಕಾಲಂ ಅನ್ನು ಚೀಟಿಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಕೈಯಿಂದಲೇ ತುಂಬಿ.

ಲಸಿಕೆ ಕಾರ್ಡ್ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಪಾರ್ವೊ, ಡಿಸ್ಟೆಂಪರ್, ಇಲಿಜ್ವರ, ರೇಬೀಸ್ ಮುಂತಾದ, ಲಸಿಕೆಯಿಂದ ತಡೆಯಬಹುದಾದ ರೋಗಗಳಿಗೆ, ಲಸಿಕೆ ಸಕಾಲಕ್ಕೆ ಹಾಕಿಸಿರದಿದ್ದರೆ ಕಂಪನಿಗಳು ಹಣ ಕೊಡುವುದಿಲ್ಲ. ವೈದ್ಯರ ಸಹಿ ಮತ್ತು ಲಸಿಕೆ ಸೀಸೆಯ ಚೀಟಿ ಕಾರ್ಡಿನಲ್ಲಿ ಅಂಟಿಸಿರುವುದನ್ನು ಖಚಿತಪಡಿಸಿಕೊಳ್ಳಿ. ಬಸಿರು, ಹೆರಿಗೆ, ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ, ಹಲ್ಲು ಶುಚಿ ಮಾಡುವುದು ಸಾಮಾನ್ಯವಾಗಿ ರಕ್ಷಣೆಯ ಹೊರಗಿರುತ್ತವೆ. ಪಾಲಿಸಿ ಶುರುವಾದ ಮೊದಲ ಕೆಲವು ವಾರ ಕಾಯಿಲೆಗೆ ಕ್ಲೇಮ್ ಮಾಡಲಾಗದ ಕಾಯುವ ಅವಧಿ ಇರುತ್ತದೆ ಎಂಬುದೂ ಗೊತ್ತಿರಲಿ.

ಚಿನ್ನುವಿಗೆ ಪಾಲಿಸಿಗಿಂತ ಮೊದಲು ಆಗಬೇಕಾದ ಇನ್ನೊಂದು ಕೆಲಸವಿದೆ. ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಬೆದೆ ಮುಗಿದ ಕೆಲವು ವಾರಗಳ ನಂತರ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ಕಾಯಿಲೆ ಬರಬಹುದು. ನಾಯಿ ವಿಪರೀತ ನೀರು ಕುಡಿಯುತ್ತದೆ, ಮಂಕಾಗುತ್ತದೆ, ಕೆಲವೊಮ್ಮೆ ಹೊರಗೆ ಸ್ರಾವವೇ ಕಾಣದೆ ವಿಷ ಒಳಗೇ ಏರುತ್ತದೆ. ಆಗ ತುರ್ತಾಗಿ ಗರ್ಭಕೋಶ ತೆಗೆಯುವುದಕ್ಕೆ, ಆರೋಗ್ಯವಾಗಿರುವಾಗ ಮಾಡುವ ಆಪರೇಷನ್ನಿನ ಹಲವು ಪಟ್ಟು ಖರ್ಚಾಗುತ್ತದೆ, ಜೀವಕ್ಕೂ ಅಪಾಯ. ಮೊದಲೇ ಮಾಡಿಸುವ ಆಪರೇಷನ್ನಿಗೆ ವಿಮೆ ಹಣ ಕೊಡದಿರಬಹುದು. ಆದರೂ ಒಂದು ವರ್ಷದ ಪ್ರೀಮಿಯಂ ಮತ್ತು ಈ ಆಪರೇಷನ್ ಎರಡರಲ್ಲಿ ಒಂದಕ್ಕೆ ಮಾತ್ರ ಈಗ ಹಣವಿದ್ದರೆ ಆಪರೇಷನ್ನನ್ನೇ ಮಾಡಿಸಿ. ಆಮೇಲೆ ತೂಕ ಏರದಂತೆ ನೋಡಿಕೊಳ್ಳಿ. ದಪ್ಪಗಾದ ಲ್ಯಾಬ್ರಡಾರ್‌ನ ಮಂಡಿ ಮತ್ತು ಸೊಂಟದ ಮೇಲೆ ಬೀಳುವ ಭಾರವನ್ನು ಯಾವ ಪಾಲಿಸಿಯೂ ಇಳಿಸುವುದಿಲ್ಲ.

ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆಯನ್ನು ಜನ ಬೇಡವೆನ್ನುತ್ತಾರೆ. ನಾನು ಬೇಕೆನ್ನುತ್ತೇನೆ. ಚಿನ್ನು ಗೇಟು ತೆರೆದ ಕೂಡಲೇ ರಸ್ತೆಗೆ ಓಡಿ, ಸ್ಕೂಟರಿನವರು ಬಿದ್ದು ಕೈ ಮುರಿದುಕೊಂಡರೆ ಅವರ ಚಿಕಿತ್ಸೆಯ ಖರ್ಚು ಚಿನ್ನುವಿನ ಯಾವ ಕಾಯಿಲೆಯ ಖರ್ಚಿಗಿಂತಲೂ ದೊಡ್ಡದಾಗಬಹುದು. ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ವಿಮೆ ಈ ದಂಡವನ್ನು ಕಟ್ಟುವುದಿಲ್ಲ. ಗಾಯಗೊಂಡವರಿಗೆ ಕೊಡಬೇಕಾದ ಪರಿಹಾರಕ್ಕೆ ಮಾತ್ರ ನೆರವಾಗುತ್ತದೆ. ಬೆಲ್ಟ್ ಹಾಕಿರಬೇಕು, ನಗರಪಾಲಿಕೆಯ ಪರವಾನಗಿ ಇರಬೇಕು ಎಂಬಂಥ ಷರತ್ತುಗಳಿವೆಯೇ ಎಂದು ನೋಡಿಕೊಳ್ಳಿ.

ಇನ್ನು ಕರಿಯ. ಮಾರುಕಟ್ಟೆ ಬೆಲೆಯ ಮೇಲೆ ನಿಂತ ಹಳೆಯ ಪಾಲಿಸಿಗಳಿಂದ ನಾಟಿ ನಾಯಿಗೆ ಹೆಚ್ಚು ಪ್ರಯೋಜನವಿರಲಿಲ್ಲ ಎನ್ನಬಹುದು. ಈಗಿನ ಕೆಲವು ಪಾಲಿಸಿಗಳು ನಾಟಿ ಮತ್ತು ಮಿಶ್ರತಳಿಯ ನಾಯಿಗಳನ್ನೂ ಒಪ್ಪುತ್ತವೆ, ಇದು ಒಳ್ಳೆಯ ಬದಲಾವಣೆ. ಆದರೆ ಅವನ ವಯಸ್ಸೇ ಈಗ ಅಡ್ಡಿ. ಮೇಲೆ ಹೇಳಿದ 2020ರ ಪಾಲಿಸಿಯಲ್ಲಿ ಹೊಸದಾಗಿ ಸೇರಲು ವಯಸ್ಸಿನ ಮಿತಿ ಸಾಮಾನ್ಯ ಗಾತ್ರದ ನಾಯಿಗೆ 7 ವರ್ಷ, ಗ್ರೇಟ್ ಡೇನ್‌ನಂಥ ಭಾರಿ ಜಾತಿಗೆ 4 ವರ್ಷ ಎಂದಿತ್ತು. ಯಾವುದಾದರೂ ಕಂಪನಿ 8 ವರ್ಷದವನನ್ನು ಸೇರಿಸಿಕೊಂಡರೂ ಹೆಚ್ಚು ವರ್ಷ ಮುಂದುವರಿಸಲಾಗದಿರಬಹುದು. ಅವನ ವಯಸ್ಸಿನಲ್ಲಿ ಬರುವ ಮೂತ್ರಪಿಂಡದ ತೊಂದರೆ, ಕೀಲುನೋವು, ಹಲ್ಲಿನ ಕಾಯಿಲೆಗಳು ಒಂದೋ ಮೊದಲೇ ಇದ್ದವು ಎನಿಸಿಕೊಳ್ಳುತ್ತವೆ, ಇಲ್ಲವೇ ಹೊರರೋಗಿ ಚಿಕಿತ್ಸೆಯಾಗುತ್ತವೆ. ತಿಂಗಳಿಗೆ 500 ರೂಪಾಯಿಯಂತೆ ಅವನ ಆರ್.ಡಿ. ನಡೆಯಲಿ. ಅದರಿಂದ ವರ್ಷಕ್ಕೊಮ್ಮೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರಪಿಂಡದ ತೊಂದರೆ ಬೇಗ ಗೊತ್ತಾದರೆ ಆಹಾರ ಬದಲಿಸಿಯೇ ವರ್ಷಗಳನ್ನು ಗಳಿಸಬಹುದು. ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಲ್ಲಿ ಖರ್ಚು ಬಹಳ ಕಡಿಮೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರಿನ ಹೆಬ್ಬಾಳ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಬಹುದು. ಅಲ್ಲಿ ಸರದಿ ಕಾಯಬೇಕಾದರೂ ಪರಿಣತರ ಕೈಯಲ್ಲೇ ಚಿಕಿತ್ಸೆ ಆಗುತ್ತದೆ.

ಚಿನ್ನುವಿನ ಪಾಲಿಸಿಯೂ ಒಂದು ವಯಸ್ಸಿಗೆ ನಿಲ್ಲುತ್ತದೆ, ಸಾಮಾನ್ಯವಾಗಿ ಕಾಯಿಲೆಗಳು ಹೆಚ್ಚುವ ಹೊತ್ತಿಗೇ ನಿಲ್ಲುತ್ತದೆ. ಅದಕ್ಕೇ ಅವಳಿಗೂ ವಿಮೆಯ ಜೊತೆಗೆ ಸಣ್ಣದೊಂದು ಆರ್.ಡಿ. ಈಗಲೇ ಶುರುವಾಗಲಿ. ಅದು ದೊಡ್ಡ ಬಿಲ್ಲನ್ನು ತಡೆದುಕೊಳ್ಳುವಷ್ಟು ಬೆಳೆದ ವರ್ಷ ಪಾಲಿಸಿಯನ್ನು ಮುಂದುವರಿಸಬೇಕೇ ಎಂದು ಮತ್ತೆ ಯೋಚಿಸಬಹುದು. ಅಲ್ಲಿಯವರೆಗೆ ನವೀಕರಣದ ದಿನಾಂಕ ತಪ್ಪಿಸಬೇಡಿ. ಒಮ್ಮೆ ಕಡಿದುಹೋದರೆ ಅಲ್ಲಿಯವರೆಗೆ ಬಂದ ಎಲ್ಲ ಕಾಯಿಲೆಗಳೂ ಹೊಸ ಪಾಲಿಸಿಗೆ ‘ಮೊದಲೇ ಇದ್ದವು’ ಆಗುತ್ತವೆ.

ಕ್ಲೇಮ್ ತಿರಸ್ಕಾರವಾದರೆ ಅಲ್ಲಿಗೆ ಮುಗಿಯಿತೆಂದು ಕೂರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ, ಒಂದು ವರ್ಷದ ಪಾಲಿಸಿಯನ್ನು ಕ್ಲೇಮ್ ಮಾಡದೆ ಮಧ್ಯದಲ್ಲಿ ರದ್ದು ಮಾಡಿದರೆ ಉಳಿದ ಅವಧಿಯ ಪ್ರೀಮಿಯಂ ವಾಪಸು ಸಿಗಬೇಕು. ಷರತ್ತುಗಳ ಪೂರ್ಣ ಪ್ರತಿ ಕೈಗೆ ಬಂದ ಮೇಲೆ ಏಜೆಂಟರ ಮಾತಿಗೂ ಅದಕ್ಕೂ ತಾಳೆಯಾಗದಿದ್ದರೆ ಈ ಹಕ್ಕನ್ನು ಬಳಸಿಕೊಳ್ಳಿ.

ಏಜೆಂಟರನ್ನು ಮತ್ತೆ ಭೇಟಿ ಮಾಡುವಾಗ ಐದು ವಿಷಯಗಳಿಗೆ ಲಿಖಿತ ಉತ್ತರ ಕೇಳಿ: ಕೋ-ಪೇ ಮೊದಲೋ ಮಿತಿ ಮೊದಲೋ, ಯಾವ ಕಾಯಿಲೆಗೆ ಒಳಮಿತಿ ಇದೆ, ಟಿಕ್ ಫೀವರ್ ಮತ್ತು ಪಯೋಮೆಟ್ರಾ ಸೇರಿವೆಯೇ, ಎಷ್ಟನೇ ವಯಸ್ಸಿನವರೆಗೆ ನವೀಕರಿಸಬಹುದು, ಚಿಕಿತ್ಸೆ ಶುರುವಾದ ಎಷ್ಟು ಹೊತ್ತಿನೊಳಗೆ ಕಂಪನಿಗೆ ತಿಳಿಸಬೇಕು. ಬಾಯಿಮಾತಿನ ಭರವಸೆ ಮಾತ್ರ ಸಿಕ್ಕಿದರೆ ಆ ಪಾಲಿಸಿಯನ್ನು ಬಿಟ್ಟು ಇನ್ನೊಂದು ಕಂಪನಿಯದನ್ನು ನೋಡಿ.